ಫ್ಲೆಕ್ಸ್ ಬೋರ್ಡಿನ ಹಿಂದಿನ ಸರ್ಜನ್: ಮಂಡಿ ಬದಲಿ ಪ್ಯಾಕೇಜುಗಳ ವಿಮರ್ಶೆ

ಬೆಂಗಳೂರಿರಲಿ, ಹುಬ್ಬಳ್ಳಿಯಿರಲಿ, ತುಮಕೂರಿರಲಿ, ಬಸ್ ನಿಲ್ದಾಣದ ಆಸುಪಾಸಿನಲ್ಲಿ ಈ ಫ್ಲೆಕ್ಸ್ ಒಂದಾದರೂ ಕಣ್ಣಿಗೆ ಬೀಳುತ್ತದೆ. ಬಿಳಿ ಕೋಟಿನ ಡಾಕ್ಟರು ಕೈಕಟ್ಟಿ ನಿಂತಿದ್ದಾರೆ, ಪಕ್ಕದಲ್ಲಿ ಚಿನ್ನದ ಬಣ್ಣದ ಮಂಡಿ ಹೊಳೆಯುತ್ತಿದೆ. ಕೆಳಗೆ ದಪ್ಪಕ್ಷರಗಳಲ್ಲಿ 'ರೋಬೋಟಿಕ್', 'ಗೋಲ್ಡ್ ಇಂಪ್ಲಾಂಟ್', 'ನೋವಿಲ್ಲ, ಹೊಲಿಗೆಯಿಲ್ಲ', 'ನಾಲ್ಕೇ ಗಂಟೆಯಲ್ಲಿ ನಡಿಗೆ', 'ಇಎಂಐ ಸೌಲಭ್ಯ'. ಅಪ್ಪನಿಗೋ ಅಮ್ಮನಿಗೋ ಮಂಡಿ ಆಪರೇಷನ್ ಮಾಡಿಸಬೇಕೆಂದು ಓಡಾಡುವವರ ಕೈಗೆ ಮೊದಲು ಸಿಗುವ ಮಾಹಿತಿ ಇದೇ. ಆದ್ದರಿಂದ ಈ ವಿಮರ್ಶೆ ಬೋರ್ಡಿನ ಒಂದೊಂದು ಮಾತಿಗೂ ಎಷ್ಟು ಬೆಲೆ ಕೊಡಬಹುದು ಎಂದು ನೋಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಬೋರ್ಡಿನಲ್ಲಿ ಇಲ್ಲದ ವಿಷಯವನ್ನು ಸರ್ಜನ್ ಬಾಯಿಂದ ಹೊರಡಿಸುವುದು ಹೇಗೆಂದು ನೋಡುತ್ತದೆ.

ಆಪರೇಷನ್ ಬಗ್ಗೆ ತಕರಾರಿಲ್ಲ. ಸರಿಯಾದ ರೋಗಿಗೆ ಸರಿಯಾಗಿ ಮಾಡಿದರೆ ಇಷ್ಟು ಬಾಳಿಕೆ ಬರುವ ಶಸ್ತ್ರಚಿಕಿತ್ಸೆಗಳು ಕಡಿಮೆ. ಹಲವು ದೇಶಗಳ ಕೀಲು ಬದಲಿ ನೋಂದಣಿ ದಾಖಲೆಗಳನ್ನು ಒಟ್ಟುಹಾಕಿ 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಪೂರ್ತಿ ಬದಲಿಸಿದ ಮಂಡಿಗಳಲ್ಲಿ ಸುಮಾರು 82%, ಅರ್ಧ ಬದಲಿಸಿದ ಮಂಡಿಗಳಲ್ಲಿ ಸುಮಾರು 70% 25 ವರ್ಷ ನಿಲ್ಲುತ್ತವೆ. ಬೋರ್ಡು ಹೇಳದ ಇನ್ನೊಂದು ಲೆಕ್ಕವೂ ಇದೆ: ಆಪರೇಷನ್ ಮಾಡಿಸಿಕೊಂಡ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಫಲಿತಾಂಶದಿಂದ ಪೂರ್ತಿ ತೃಪ್ತರಾಗಿರುವುದಿಲ್ಲ. ಆ ಒಬ್ಬರಾಗದಂತೆ ನೋಡಿಕೊಳ್ಳುವ ಕೆಲಸದಲ್ಲಿ ಅರ್ಧ ಓಟಿಯ, ಅಂದರೆ ಆಪರೇಷನ್ ಥಿಯೇಟರಿನ, ಒಳಗೆ ಆಗುತ್ತದೆ. ಉಳಿದರ್ಧ ಒಪಿಡಿಯ, ಅಂದರೆ ಹೊರರೋಗಿ ವಿಭಾಗದ, ಮೊದಲ ಭೇಟಿಯಲ್ಲೇ ಮುಗಿದಿರುತ್ತದೆ.

ಒಳಗೆ ಏನು ಮಾಡುತ್ತಾರೆ

ಊರ ಕಡೆ ಎಲ್ಲರೂ 'ಚಿಪ್ಪು ಬದಲಾಯಿಸೋದು' ಅನ್ನುತ್ತಾರೆ. ಚಿಪ್ಪು ಅಲ್ಲೇ ಇರುತ್ತದೆ; ಕೆಲವು ಸರ್ಜನ್‌ಗಳು ಅದರ ಒಳಮೈಗೆ ಪ್ಲಾಸ್ಟಿಕ್ ಗುಂಡಿ ಅಂಟಿಸುತ್ತಾರೆ, ಕೆಲವರು ಅದನ್ನು ಮುಟ್ಟುವುದೇ ಇಲ್ಲ. ಬದಲಾಗುವುದು ತೊಡೆಮೂಳೆಯ ಕೆಳತುದಿಯ ಮೇಲ್ಮೈ ಮತ್ತು ಕಣಕಾಲಿನ ಮೂಳೆಯ ಮೇಲ್ತುದಿ. ಎರಡೂ ಕಡೆ ಸುಮಾರು 8ರಿಂದ 10 ಮಿಲಿಮೀಟರ್ ಮೂಳೆ ಕೊಯ್ದು, ಮೇಲಿನದಕ್ಕೆ ಲೋಹದ ಟೋಪಿ, ಕೆಳಗಿನದಕ್ಕೆ ಲೋಹದ ತಟ್ಟೆ ಕೂರಿಸಿ ಬೋನ್ ಸಿಮೆಂಟ್‌ನಿಂದ ಅಂಟಿಸುತ್ತಾರೆ. ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ. ಸವೆದುಹೋದ ಕಾರ್ಟಿಲೇಜಿನ, ಅಂದರೆ ಮೂಳೆತುದಿಯ ಮೆದು ಹೊದಿಕೆಯ, ಕೆಲಸ ಇನ್ನು ಆ ಬಿಲ್ಲೆಯದು. ಇವೆಲ್ಲ ಸೇರಿ ಇಂಪ್ಲಾಂಟ್.

ಮೂಳೆ ಕೊಯ್ಯುವುದು ಈ ಕೆಲಸದ ಸುಲಭದ ಭಾಗ. ಮಂಡಿ ನೀಟಾಗಿ ಚಾಚಿದಾಗಲೂ, 90 ಡಿಗ್ರಿ ಮಡಚಿದಾಗಲೂ, ಒಳಪಕ್ಕದ ಮತ್ತು ಹೊರಪಕ್ಕದ ಲಿಗಮೆಂಟುಗಳು (ಮೂಳೆಗೆ ಮೂಳೆ ಕಟ್ಟುವ ಪಟ್ಟಿಗಳು) ಹದವಾಗಿ ಬಿಗಿ ಇರುವಂತೆ ಮಾಡುವುದರಲ್ಲಿ ಸರ್ಜನ್‌ನ ಅಭ್ಯಾಸ ಗೊತ್ತಾಗುತ್ತದೆ. ಬಿಗಿ ಜಾಸ್ತಿಯಾದರೆ ಮಂಡಿ ಮಡಚುವುದಿಲ್ಲ. ಸಡಿಲವಾದರೆ ಮೆಟ್ಟಿಲಿಳಿಯುವಾಗ ಕಾಲು ಕುಸಿದಂತಾಗುತ್ತದೆ. ಬಿಲ್ಲೆಯ ದಪ್ಪ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ವ್ಯತ್ಯಾಸ ಕಾಣುತ್ತದೆ. ನಮ್ಮಲ್ಲಿ ಬಹಳ ಜನ ಕಾಲು ಬಿಲ್ಲಿನಂತೆ ಬಾಗಿದ ಮೇಲೆಯೇ ಆಸ್ಪತ್ರೆಗೆ ಬರುತ್ತಾರೆ. ಅಂಥ ಮಂಡಿಯಲ್ಲಿ ಒಳಪಕ್ಕದ ಲಿಗಮೆಂಟ್ ಕುಗ್ಗಿ, ಹೊರಪಕ್ಕದ್ದು ಹಿಗ್ಗಿ, ಮೂಳೆಯೂ ಒಂದು ಕಡೆ ಕೊರೆದುಹೋಗಿರುತ್ತದೆ. ಕೊರೆದ ಜಾಗ ತುಂಬಲು ಲೋಹದ ಆಗ್‌ಮೆಂಟ್, ಮೂಳೆಯೊಳಗೆ ಇಳಿಯುವ ಸ್ಟೆಮ್, ಒಮ್ಮೊಮ್ಮೆ ಪಕ್ಕಕ್ಕೆ ವಾಲದಂತೆ ತಡೆಯುವ ಕನ್‌ಸ್ಟ್ರೇನ್ಡ್ ಇಂಪ್ಲಾಂಟ್ ಬೇಕಾಗುತ್ತದೆ. 'ಇವೆಲ್ಲ ಆ ದಿನ ಓಟಿಯಲ್ಲಿ ರೆಡಿ ಇರುತ್ತವೆಯೇ?' ಎಂದು ಕೇಳಿ. ಸಾಧಾರಣ ಮಂಡಿ ಮಾಡುವವರು ಅನೇಕರಿದ್ದಾರೆ, ಬಾಗಿದ ಕಾಲು ಮಾಡುವವರು ಕಡಿಮೆ.

ಮೊದಲ ಭೇಟಿ: ಅಲ್ಲೇ ಗೊತ್ತಾಗುತ್ತದೆ

ಒಳ್ಳೆಯ ಸರ್ಜನ್ ರೋಗಿಯನ್ನು ಮೊದಲು ಒಂದಷ್ಟು ದೂರ ನಡೆಸಿ ನೋಡುತ್ತಾರೆ. ಆಮೇಲೆ ಮಲಗಿಸಿ ಸೊಂಟದ ಕೀಲನ್ನು ತಿರುಗಿಸಿ ನೋಡುತ್ತಾರೆ, ಏಕೆಂದರೆ ಸೊಂಟದ ಕೀಲು ಸವೆದಾಗ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಬೆನ್ನಿನ ನರ ಒತ್ತಿಕೊಂಡಿದ್ದರೂ ಹಾಗೆಯೇ. ಪಾದದ ನಾಡಿ ಮುಟ್ಟುತ್ತಾರೆ, ಹಿಮ್ಮಡಿ ಬಿರುಕು, ಬೆರಳ ಸಂದಿಯ ಹುಣ್ಣು ನೋಡುತ್ತಾರೆ. ಇದಕ್ಕೆ ಹತ್ತು ನಿಮಿಷವಾದರೂ ಬೇಕು. ಕುರ್ಚಿಯಲ್ಲಿ ಕೂತ ರೋಗಿಯನ್ನು ಎಬ್ಬಿಸದೆ, ಎಕ್ಸ್‌ರೇ ಫಿಲ್ಮ್ ಮಾತ್ರ ಬೆಳಕಿಗೆ ಹಿಡಿದು 'ಎರಡೂ ಹೋಗಿದೆ, ಮಂಗಳವಾರ ಅಡ್ಮಿಟ್ ಆಗಿ' ಅಂದವರ ಬಳಿಯಿಂದ ಚೀಟಿ ತೆಗೆದುಕೊಂಡು ಸುಮ್ಮನೆ ಹೊರಬರಬಹುದು. ಫೀಸು ಹೋದರೆ ಹೋಯಿತು.

ಎಕ್ಸ್‌ರೇ ನಿಂತುಕೊಂಡು ತೆಗೆಸಿರಬೇಕು. ಮಲಗಿಸಿ ತೆಗೆದರೆ ಮೈಭಾರ ಬೀಳುವುದಿಲ್ಲ, ಸವೆದ ಕೀಲಿನಲ್ಲೂ ಜಾಗ ಇರುವಂತೆ ಕಾಣುತ್ತದೆ. ಕಾಲು ಬಾಗಿದ್ದರೆ ಸೊಂಟದಿಂದ ಹಿಮ್ಮಡಿಯವರೆಗಿನ ಉದ್ದನೆಯ ಫಿಲ್ಮ್, ಸ್ಕ್ಯಾನೋಗ್ರಾಮ್, ಬೇಕು. ಪೂರ್ತಿ ಸವೆದ ಮಂಡಿಗೆ ಎಂಆರ್‌ಐ ಮಾಡಿಸುವುದು ದುಡ್ಡು ದಂಡ. ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಾಗಿದ್ದು ಕಾಣುತ್ತಿರುವಾಗ ಎಂಆರ್‌ಐ ಹೊಸದೇನನ್ನೂ ಹೇಳುವುದಿಲ್ಲ.

ಊರೂರಲ್ಲಿ ನಡೆಯುವ 'ಉಚಿತ ಮಂಡಿ ನೋವು ಶಿಬಿರ'ಗಳದ್ದು ಬೇರೆ ಕಥೆ. ಅಲ್ಲಿ ಹಿಮ್ಮಡಿಯನ್ನು ಒಂದು ಸಣ್ಣ ಮಷೀನಿನಲ್ಲಿ ಇಡಿಸಿ ಚೀಟಿ ಕೊಡುತ್ತಾರಲ್ಲ, ಅದು ಅಳೆಯುವುದು ಮೂಳೆಯ ಸಾಂದ್ರತೆಯನ್ನು. ಮಂಡಿ ಸವೆತಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಚೀಟಿ ತೋರಿಸಿ 'ಮಂಡಿ ಬದಲಾಯಿಸಬೇಕು' ಎಂದವರಿಗೆ ಐದು ಅಂಕಕ್ಕೆ ಸೊನ್ನೆ.

ಎಲ್ಲ ಮಂಡಿ ನೋವಿಗೂ ಆಪರೇಷನ್ ಬೇಡ. ಸವೆತ ಅರ್ಧಂಬರ್ಧ ಇದ್ದರೆ ತೂಕ ಇಳಿಸುವುದು, ತೊಡೆಯ ಮುಂಭಾಗದ ಸ್ನಾಯುವಿಗೆ ಮೂರು ತಿಂಗಳು ಬಿಡದೆ ವ್ಯಾಯಾಮ, ಬೇಕಾದಾಗ ನೋವಿನ ಮಾತ್ರೆ. ಐವತ್ತರ ಆಸುಪಾಸಿನವರಿಗೆ ಒಳಪಕ್ಕ ಮಾತ್ರ ಸವೆದಿದ್ದರೆ ಮೂಳೆ ಕೊಯ್ದು ಕಾಲು ನೇರ ಮಾಡುವ ಆಪರೇಷನ್ ಇದೆ, ಅರ್ಧ ಮಂಡಿ ಬದಲಿಯೂ ಇದೆ. ಈ ದಾರಿಗಳನ್ನು ಹೆಸರಿಸದೆ ನೇರ ಪೂರ್ತಿ ಮಂಡಿಗೆ ಬರುವ ಸರ್ಜನ್‌ಗೆ ಬಹುಶಃ ಅದೊಂದೇ ಬರುತ್ತದೆ. ಸವೆದ ಮಂಡಿಗೆ ದುರ್ಬೀನು ಹಾಕಿ 'ಕ್ಲೀನ್' ಮಾಡುವುದು ಚರ್ಮ ಮಾತ್ರ ಕೊಯ್ದು ಹೊಲಿದ ಸುಳ್ಳು ಆಪರೇಷನ್‌ಗಿಂತ ಮೇಲಲ್ಲ ಎಂದು 2002ರಲ್ಲೇ ಅಮೆರಿಕದ ಪ್ರಯೋಗವೊಂದು ತೋರಿಸಿತು. ಇಲ್ಲಿ ಇನ್ನೂ ನಡೆಯುತ್ತಿದೆ.

ಮುಂದೂಡುವ ಸರ್ಜನ್ ಒಳ್ಳೆಯ ಸರ್ಜನ್. ಮೂರು ತಿಂಗಳ ಸಕ್ಕರೆ ಪರೀಕ್ಷೆ, ಅಂದರೆ ಎಚ್‌ಬಿಎ1ಸಿ, 8 ದಾಟಿದ್ದರೆ, ಹಿಮೋಗ್ಲೋಬಿನ್ ಕಡಿಮೆಯಿದ್ದರೆ, ಹಲ್ಲಿನಲ್ಲಿ ಕೀವಿದ್ದರೆ, ಮೂತ್ರ ಉರಿಯಿದ್ದರೆ, ಕಾಲಲ್ಲಿ ಹುಣ್ಣಿದ್ದರೆ ಆಪರೇಷನ್ ದಿನ ಮುಂದಕ್ಕೆ ಹೋಗಬೇಕು. ಮಂಡಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿ ಮೂರು ತಿಂಗಳು ಆಗಿರದಿದ್ದರೂ ಕಾಯಬೇಕು, ಸೋಂಕಿನ ಅಪಾಯ ಹೆಚ್ಚು. ಬೀಡಿ ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಬೇಕು. ಇಂಜೆಕ್ಷನ್ ಹಾಕಿಸಿದ್ದೀರಾ ಎಂದು ಕೇಳುವ ಸರ್ಜನ್‌ಗೆ ಅರ್ಧ ಅಂಕ ಹೆಚ್ಚು ಕೊಡಿ, ಕೇಳುವವರು ನೀವು ಅಂದುಕೊಂಡಷ್ಟು ಜನ ಇಲ್ಲ.

ಡಿಗ್ರಿ, ಸಂಖ್ಯೆ, ಚಾಕು ಹಿಡಿಯುವವರು

ಹೆಸರಿನ ಮುಂದೆ ಎಂಎಸ್ ಆರ್ಥೋ ಅಥವಾ ಡಿಎನ್‌ಬಿ ಆರ್ಥೋ ಇದ್ದರೆ ಎಂಬಿಬಿಎಸ್ ಮೇಲೆ ಮೂರು ವರ್ಷದ ಓದು. ಡಿ ಆರ್ಥೋ ಎರಡು ವರ್ಷದ ಡಿಪ್ಲೊಮಾ. ಇವು ಎಲ್ಲ ಮೂಳೆ ಕೆಲಸಕ್ಕೂ ಸೇರಿದ್ದು, ಕೀಲು ಬದಲಿಯ ವಿಶೇಷ ಕಲಿಕೆ ಆಮೇಲಿನ ಫೆಲೋಶಿಪ್‌ನಲ್ಲಿ. 'ಫೆಲೋಶಿಪ್' ಎಂಬ ಪದ ಮಾತ್ರ ಚೀಲದಂಥದು, ಒಂದು ವರ್ಷ ದೊಡ್ಡ ಸರ್ಜನ್ ಜೊತೆ ದಿನಾ ಓಟಿಯಲ್ಲಿ ನಿಂತದ್ದೂ ಅದರಲ್ಲಿ ಹಿಡಿಸುತ್ತದೆ, ಮೂರು ದಿನದ ತರಬೇತಿ ಶಿಬಿರವೂ ಹಿಡಿಸುತ್ತದೆ. ಎಲ್ಲಿ, ಎಷ್ಟು ತಿಂಗಳು ಎಂದು ಕೇಳಿ. ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತು ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯಲ್ಲಿ ಹುಡುಕಿ ನೋಡಬಹುದು, ಐದು ನಿಮಿಷದ ಕೆಲಸ.

ಮುಖ್ಯ ಪ್ರಶ್ನೆ ಇದು: 'ಸರ್, ಹೋದ ವರ್ಷ ನೀವೇ ಎಷ್ಟು ಮಂಡಿ ಮಾಡಿದಿರಿ?' ಬೋರ್ಡಿನಲ್ಲಿ '10,000ಕ್ಕೂ ಹೆಚ್ಚು' ಎಂದಿರುವುದು ಉತ್ತರವಲ್ಲ. ಅದು ಇಡೀ ಆಸ್ಪತ್ರೆಯದೋ, ಇಪ್ಪತ್ತು ವರ್ಷದ್ದೋ, ಎರಡು ಮಂಡಿಗೆ ಎರಡು ಎಂದು ಎಣಿಸಿದ್ದೋ ಗೊತ್ತಾಗುವುದಿಲ್ಲ. ನ್ಯೂಯಾರ್ಕ್ ರಾಜ್ಯದ ದಾಖಲೆಗಳನ್ನು ಜಾಲಾಡಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಸರ್ಜನ್‌ಗಳನ್ನು ವರ್ಷಕ್ಕೆ 12ರವರೆಗೆ, 13ರಿಂದ 59, 60ರಿಂದ 145, 146 ಮತ್ತು ಮೇಲೆ ಎಂದು ನಾಲ್ಕಾಗಿ ವಿಂಗಡಿಸಿತು. ಸಂಖ್ಯೆ ಏರಿದಂತೆ ತೊಂದರೆಗಳು ಇಳಿದವು. ತಿಂಗಳಿಗೊಂದು ಮಾಡುವವರ ಕೈಗೆ ಮಂಡಿ ಕೊಡಬಾರದು ಎಂಬುದು ಅದರಿಂದ ತೆಗೆಯಬಹುದಾದ ಸರಳ ಪಾಠ. ವಾರಕ್ಕೆ ಎರಡು ಅಂದರೆ ವರ್ಷಕ್ಕೆ ನೂರು, ನೆಮ್ಮದಿಯ ಸಂಖ್ಯೆ. ಅದರಾಚೆಗೆ ಐನೂರೋ ಸಾವಿರವೋ ಎಂಬ ಪೈಪೋಟಿಯಿಂದ ನಿಮಗೆ ಲಾಭವಿಲ್ಲ. ಬದಲಿಗೆ ಹೊಸ ಪ್ರಶ್ನೆ ಹುಟ್ಟುತ್ತದೆ: ದಿನಕ್ಕೆ ಎಂಟು ಹತ್ತು ಮಂಡಿ ಎರಡು ಮೂರು ಓಟಿಯಲ್ಲಿ ಒಟ್ಟೊಟ್ಟಿಗೆ ನಡೆಯುತ್ತಿದ್ದರೆ, ನಿಮ್ಮ ಮನೆಯವರ ಮೂಳೆ ಕೊಯ್ಯುವವರು ಯಾರು, ಲಿಗಮೆಂಟ್ ಹದ ಮಾಡುವವರು ಯಾರು, ಹೊಲಿಗೆ ಹಾಕುವವರು ಯಾರು? ಚರ್ಮ ಮುಚ್ಚುವುದನ್ನು ಸಹಾಯಕರು ಮಾಡಿದರೆ ತಪ್ಪಿಲ್ಲ, ಎಲ್ಲ ಕಡೆಯೂ ಹಾಗೇ. ಮೂಳೆ ಕೊಯ್ಯುವುದೂ ಇಂಪ್ಲಾಂಟ್ ಕೂರಿಸುವುದೂ ಒಪ್ಪಿಗೆ ಪತ್ರದಲ್ಲಿ ಹೆಸರಿರುವವರೇ ಆಗಿರಬೇಕು. ಸಹಿ ಹಾಕುವ ಮುನ್ನ ಆ ಹೆಸರು ಓದಿ, ಖಾಲಿ ಬಿಟ್ಟಿದ್ದರೆ ಬರೆಸಿ.

ಇನ್ನೊಂದು ಪ್ರಶ್ನೆ ಕೆಲವರಿಗೆ ಮುಜುಗರ, ಆದರೂ ಕೇಳಿ: 'ರಿವಿಷನ್ ನೀವು ಮಾಡುತ್ತೀರಾ?' ಹಳೆಯ ಇಂಪ್ಲಾಂಟ್ ತೆಗೆದು ಹೊಸದು ಹಾಕುವುದು ಮೊದಲ ಸಲಕ್ಕಿಂತ ಬಹಳ ಕಷ್ಟದ ಕೆಲಸ. ಅದನ್ನು ಮಾಡುವವರು ತಮ್ಮದೂ ಇತರರದೂ ಕೆಟ್ಟ ಮಂಡಿಗಳನ್ನು ಬಿಚ್ಚಿ ನೋಡಿರುತ್ತಾರೆ. ಮೊದಲ ಸಲದ ಮಂಡಿಯಲ್ಲೂ ಆ ಅನುಭವ ಕೆಲಸಕ್ಕೆ ಬರುತ್ತದೆ.

ತಿಂಗಳಿಗೊಮ್ಮೆ ಜಿಲ್ಲಾ ಊರಿಗೆ ಬಂದು ಆಪರೇಷನ್ ಮಾಡಿ ರಾತ್ರಿ ಬಸ್ಸಿಗೆ ಹೋಗುವ ವಿಸಿಟಿಂಗ್ ಸರ್ಜನ್ ಬಗ್ಗೆ: ಅವರ ಕೈ ಒಳ್ಳೆಯದಿರಬಹುದು, ಐದನೇ ದಿನ ಬ್ಯಾಂಡೇಜು ಒದ್ದೆಯಾದಾಗ ಆ ಕೈ ಎಲ್ಲಿರುತ್ತದೆ? ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಕಲಬುರಗಿಯಲ್ಲೋ ನೆಲೆಸಿ ವರ್ಷಕ್ಕೆ ನೂರು ಮಂಡಿ ಮಾಡುವವರು ಸಿಕ್ಕರೆ ಬೆಂಗಳೂರಿನ ಹೆಸರುವಾಸಿಗಿಂತ ಅವರೇ ವಾಸಿ. ಎರಡು ವಾರಕ್ಕೆ, ಆರು ವಾರಕ್ಕೆ, ಮೂರು ತಿಂಗಳಿಗೆ, ವರ್ಷಕ್ಕೆ ತೋರಿಸಲು ಹೋಗಬೇಕು. ಹೊಸ ಮಂಡಿ ಇಟ್ಟುಕೊಂಡು ಇನ್ನೂರೈವತ್ತು ಕಿಲೋಮೀಟರ್ ಕೂತು ಹೋಗುವುದು ಎರಡನೇ ಸಲಕ್ಕೇ ಸಾಕಾಗುತ್ತದೆ, ಮೂರನೆಯದಕ್ಕೆ ಯಾರೂ ಹೋಗುವುದಿಲ್ಲ.

ರೋಬೋಟ್: ಐದಕ್ಕೆ ಎರಡೂವರೆ

ರೋಬೋಟ್ ಎಂದರೆ ಯಂತ್ರವೇ ಆಪರೇಷನ್ ಮಾಡುತ್ತದೆ ಎಂದು ಅರ್ಧ ಜನ ನಂಬಿದ್ದಾರೆ, ಬೋರ್ಡು ಆ ನಂಬಿಕೆಯನ್ನು ಸರಿಪಡಿಸುವುದಿಲ್ಲ. ಯಂತ್ರಗಳಲ್ಲೂ ಜಾತಿಗಳಿವೆ. ಮಾಕೋದಲ್ಲಿ ಗರಗಸ ಸರ್ಜನ್ ಕೈಯಲ್ಲೇ ಇರುತ್ತದೆ, ಗೆರೆ ದಾಟಿದರೆ ಯಂತ್ರ ತಡೆಯುತ್ತದೆ. ಕ್ಯೂವಿಸ್ ಹೊಂದಿಸಿಕೊಟ್ಟ ಯೋಜನೆಯಂತೆ ತಾನೇ ಮೂಳೆ ಕೊರೆಯುತ್ತದೆ. ರೋಸಾ ಕೊಯ್ಯುವ ಅಚ್ಚನ್ನು ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲುತ್ತದೆ, ಕೊಯ್ಯುವುದು ಸರ್ಜನ್. ಮೊದಲೆರಡಕ್ಕೆ ಮುಂಚೆ ಸಿಟಿ ಸ್ಕ್ಯಾನ್ ಬೇಕು. ಕಾಲಿನ ಸ್ಥಾನ ಗುರುತಿಸಲು ತೊಡೆಮೂಳೆಗೂ ಕಣಕಾಲಿನ ಮೂಳೆಗೂ ಪಿನ್ ಹೊಡೆಯುತ್ತಾರೆ. ಆ ಪಿನ್ನಿನ ತೂತಿನಲ್ಲಿ ಅಪರೂಪಕ್ಕೆ ಸೋಂಕು ಅಥವಾ ಮೂಳೆಮುರಿತ ಆಗಬಹುದು.

ಲಾಭ ಇದೆ: ಕೊಯ್ತ ಯೋಜನೆಗೆ ಹೆಚ್ಚು ಹತ್ತಿರ ಬರುತ್ತದೆ, ಕಾಲಿನ ನೇರದಲ್ಲಿ ದೊಡ್ಡ ತಪ್ಪುಗಳು ಕಡಿಮೆಯಾಗುತ್ತವೆ. ಹಳೆಯ ಮುರಿತದಿಂದ ತೊಡೆಮೂಳೆ ಸೊಟ್ಟಗಿದ್ದರೆ, ಒಳಗೆ ಹಳೆಯ ರಾಡ್ ಇದ್ದರೆ ನಿಜಕ್ಕೂ ಉಪಕಾರಿ. ಆದರೆ ಹತ್ತು ಹದಿನೈದು ವರ್ಷದ ಬಾಳಿಕೆಯಲ್ಲೋ, ಒಂದು ವರ್ಷದ ನಂತರದ ನಡಿಗೆಯಲ್ಲೋ ಕೈಯಿಂದ ಚೆನ್ನಾಗಿ ಮಾಡಿದ ಮಂಡಿಗಿಂತ ಸ್ಪಷ್ಟವಾಗಿ ಮೇಲು ಎಂದು ಇನ್ನೂ ಸಾಬೀತಾಗಿಲ್ಲ. ಯೋಜನೆಯೇ ತಪ್ಪಿದ್ದರೆ ರೋಬೋಟ್ ಆ ತಪ್ಪನ್ನೂ ಅಷ್ಟೇ ನಿಖರವಾಗಿ ಕೊಯ್ಯುತ್ತದೆ. ಯಂತ್ರ ಕೈಕೊಟ್ಟರೆ ಮಧ್ಯದಲ್ಲಿ ಮಾಮೂಲಿ ಸಲಕರಣೆಯಿಂದ ಮುಗಿಸುವ ಅಭ್ಯಾಸ ಇದೆಯೇ ಎಂದು ಕೇಳಿ. ರೋಬೋಟ್ ಬಂದ ಮೇಲೆಯೇ ಮಂಡಿ ಶುರುಮಾಡಿದವರಿಗೆ ಇದು ಕಷ್ಟದ ಪ್ರಶ್ನೆ. ಬಿಲ್ಲಿನಲ್ಲಿ ರೋಬೋಟಿಗೆ ಪ್ರತ್ಯೇಕ ಹಣ ಇದ್ದರೆ ಅದನ್ನು ಫಿಸಿಯೋಥೆರಪಿಗೆ ಉಳಿಸಿಕೊಳ್ಳಿ, ಸರ್ಜನ್ ಒಳ್ಳೆಯವರಾಗಿದ್ದು ಹೆಚ್ಚುವರಿ ಹಣವಿಲ್ಲದೆ ಬಳಸಿದರೆ ಬೇಡ ಅನ್ನಬೇಕಾಗಿಲ್ಲ.

ಗೋಲ್ಡ್, ಹೈಫ್ಲೆಕ್ಸ್, 'ಮೂವತ್ತು ವರ್ಷ ಗ್ಯಾರಂಟಿ'

ಗೋಲ್ಡ್ ಇಂಪ್ಲಾಂಟಿನಲ್ಲಿ ಚಿನ್ನ ಇಲ್ಲ. ಮಾಮೂಲಿ ಕೋಬಾಲ್ಟ್ ಕ್ರೋಮಿಯಂ ಮೇಲೆ ಟೈಟಾನಿಯಂ ನಯೋಬಿಯಂ ನೈಟ್ರೈಡ್‌ನಂಥ ಲೇಪ ಇರುತ್ತದೆ, ಬಣ್ಣ ಅದರದ್ದು. ನಿಕಲ್‌ನಂಥ ಲೋಹಕ್ಕೆ ಅಲರ್ಜಿ ಇರುವವರಿಗೆ ಉಪಯೋಗ. ಅಗ್ಗದ ಓಲೆ ಹಾಕಿದರೆ ಕಿವಿ ಕೆರೆತ ಬರುವವರು ಇದನ್ನು ಸರ್ಜನ್‌ಗೆ ಮೊದಲೇ ಹೇಳಬೇಕು. ಉಳಿದವರಿಗೆ ಬಣ್ಣಕ್ಕೆ ದುಡ್ಡು ಕೊಡುವ ಅಗತ್ಯವಿಲ್ಲ. ಹೆಚ್ಚು ಮಡಚಲೆಂದು ಮಾಡಿದ ಹೈಫ್ಲೆಕ್ಸ್ ಹಾಕಿದ ಮಾತ್ರಕ್ಕೆ ಚಕ್ಕಳಮಕ್ಕಳ ಹಾಕಿ ಕೂರಬಹುದೆಂದೂ ಇಲ್ಲ. ಆಪರೇಷನ್ ಮುಂಚೆ ಮಂಡಿ ಎಷ್ಟು ಮಡಚುತ್ತಿತ್ತೋ ಅದೇ ನಂತರದ ಮಡಚುವಿಕೆಯ ದೊಡ್ಡ ಸುಳಿವು. ಮೂವತ್ತು ವರ್ಷದ ಮಾತು ಪ್ರಯೋಗಶಾಲೆಯಲ್ಲಿ ಯಂತ್ರ ಉಜ್ಜಿದ ಲೆಕ್ಕದಿಂದ ಬಂದದ್ದು, ಮನುಷ್ಯರ ಕಾಲಿನಿಂದಲ್ಲ.

ಹಾಗಾದರೆ ಯಾವ ಬ್ರಾಂಡ್? ಸರ್ಜನ್ ವರ್ಷಗಳಿಂದ ಬಳಸುತ್ತಿರುವ, ವಿದೇಶಿ ನೋಂದಣಿಗಳಲ್ಲಿ ಹತ್ತು ವರ್ಷಕ್ಕೂ ಮೇಲೆ ದಾಖಲೆ ಇರುವ ಯಾವುದಾದರೂ ಆದೀತು. ಸ್ವೀಡನ್ 1975ರಿಂದ, ಆಸ್ಟ್ರೇಲಿಯ 1999ರಿಂದ, ಬ್ರಿಟನ್ 2003ರಿಂದ ಒಂದೊಂದು ಇಂಪ್ಲಾಂಟಿನ ಹಣೆಬರಹವನ್ನೂ ಬರೆದಿಡುತ್ತಿವೆ. ಬ್ರಿಟನ್ನಿನ ಒಡೆಪ್ ಎಂಬ ಸಮಿತಿ 5ಎ, 10ಎ, 15ಎ ಎಂದು ವರ್ಷಗಳ ಲೆಕ್ಕದಲ್ಲಿ ದರ್ಜೆ ಕೊಡುತ್ತದೆ. ನಿಮ್ಮ ಇಂಪ್ಲಾಂಟಿಗೆ ಯಾವ ದರ್ಜೆ ಎಂದು ಕೇಳಿದರೆ ಬಲ್ಲ ಸರ್ಜನ್ ಖುಷಿಯಿಂದ ಹೇಳುತ್ತಾರೆ. ನಮ್ಮಲ್ಲೂ ಸೊಂಟ–ಮಂಡಿ ಸರ್ಜನ್‌ಗಳ ರಾಷ್ಟ್ರೀಯ ಸಂಘದ ನೋಂದಣಿ ಇದೆ. ಅದಕ್ಕೆ ತಮ್ಮ ಕೇಸುಗಳನ್ನು ಕಳಿಸುವವರಿಗೆ ಒಂದು ಅಂಕ ಹೆಚ್ಚು.

ಪ್ಯಾಕೆಟಿನ ಮೇಲಿನ ಸ್ಟಿಕ್ಕರ್ ಬಗ್ಗೆ ಮಾತ್ರ ಹಟ ಹಿಡಿಯಬೇಕು. ಪ್ರತಿ ಭಾಗದ ಕಂಪನಿ ಹೆಸರು, ಅಳತೆ, ರೆಫರೆನ್ಸ್ ನಂಬರ್, ಲಾಟ್ ನಂಬರ್ ಅದರಲ್ಲಿರುತ್ತವೆ. ಮೇಲಿನ ಟೋಪಿ, ಕೆಳಗಿನ ತಟ್ಟೆ, ಬಿಲ್ಲೆ, ಹಾಕಿದ್ದರೆ ಚಿಪ್ಪಿನ ಗುಂಡಿ, ಸಿಮೆಂಟ್, ಎಲ್ಲದರ ಸ್ಟಿಕ್ಕರೂ ಡಿಸ್ಚಾರ್ಜ್ ಸಮ್ಮರಿಗೆ ಅಂಟಿರಬೇಕು. ಕಾರಣ ಇದೆ. ಎಎಸ್‌ಆರ್ ಎಂಬ ಲೋಹದ ಸೊಂಟದ ಕೀಲನ್ನು 2010ರಲ್ಲಿ ತಯಾರಕ ಡಿಪ್ಯೂ ಹಿಂದಕ್ಕೆ ಕರೆಸಿತು, ಜಗತ್ತಿನಲ್ಲಿ ಸುಮಾರು 93,000 ಜನರಿಗೆ ಹಾಕಿಯಾಗಿತ್ತು. ಭಾರತದಲ್ಲಿ ಹಾಕಿಸಿಕೊಂಡ ಎಷ್ಟೋ ಜನರನ್ನು ಹುಡುಕುವುದೇ ಕಷ್ಟವಾಯಿತು. 2021 ಮತ್ತು 2022ರಲ್ಲಿ ಎಕ್ಸಾಕ್‌ಟೆಕ್ ಕಂಪನಿಯ ಮಂಡಿ ಬಿಲ್ಲೆಗಳ ಸರದಿ, ಪ್ಯಾಕೆಟಿನ ಪದರವೊಂದು ಇಲ್ಲದ್ದರಿಂದ ಆಮ್ಲಜನಕ ಒಳಹೋಗಿ ಪ್ಲಾಸ್ಟಿಕ್ ಬೇಗ ಸವೆಯುವ ಅಪಾಯವಿತ್ತು. ಇಂಥ ಸುದ್ದಿ ಬಂದ ದಿನ ನಿಮ್ಮ ಕಾಲೊಳಗೆ ಇರುವುದು ಯಾವುದೆಂದು ಹೇಳುವುದು ಆ ಸ್ಟಿಕ್ಕರ್ ಮಾತ್ರ.

ಎರಡೂ ಮಂಡಿ ಒಟ್ಟಿಗೆ

ಒಂದೇ ಅರಿವಳಿಕೆ, ಒಂದೇ ಆಸ್ಪತ್ರೆವಾಸ, ಒಂದೇ ಸಲ ರಜೆ. ಹೊರದೇಶದಲ್ಲಿರುವ ಮಕ್ಕಳು ಮೂರು ವಾರಕ್ಕೆ ಬಂದಾಗ ಎರಡನ್ನೂ ಮುಗಿಸಿಬಿಡೋಣ ಅನ್ನುವುದೂ ಇದಕ್ಕೇ. ಆರೋಗ್ಯವಾಗಿರುವ ಅರವತ್ತರವರಿಗೆ ಇದು ನ್ಯಾಯವಾದ ಆಯ್ಕೆ. ಎಪ್ಪತ್ತೈದು ದಾಟಿದವರಿಗೆ, ಹೃದಯದ ಪಂಪಿಂಗ್ ಕಡಿಮೆಯಿರುವವರಿಗೆ, ಉಬ್ಬಸದವರಿಗೆ, ಬಹಳ ತೂಕದವರಿಗೆ ಅಲ್ಲ. ಮೂಳೆಯ ಕೊಬ್ಬು ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಹೋಗುವುದು, ರಕ್ತಸ್ರಾವ, ಹೃದಯದ ಮೇಲೆ ಒತ್ತಡ ಎಲ್ಲವೂ ಹೆಚ್ಚು. ಹೃದಯದ ಎಕೋ ಸ್ಕ್ಯಾನ್ ಮಾಡಿಸದೆ, ಫಿಜಿಶಿಯನ್ ಮತ್ತು ಅರಿವಳಿಕೆ ವೈದ್ಯರು ನೋಡದೆ 'ಎರಡೂ ಒಟ್ಟಿಗೆ' ಎಂದು ಸರ್ಜನ್ ಒಬ್ಬರೇ ತೀರ್ಮಾನಿಸಿದರೆ ಒಪ್ಪಬೇಡಿ. ಮೊದಲನೆಯದಾದ ಮೇಲೆ ಆರರಿಂದ ಹನ್ನೆರಡು ವಾರ ಬಿಟ್ಟು ಎರಡನೆಯದು ಮಾಡಿಸುವುದು ಖರ್ಚಿನ ದಾರಿ, ವಯಸ್ಸಾದವರಿಗೆ ಕ್ಷೇಮದ ದಾರಿ.

ನೋವಿಲ್ಲ, ಹೊಲಿಗೆಯಿಲ್ಲ, ನಾಲ್ಕು ಗಂಟೆ

ಹೊಲಿಗೆಯಿಲ್ಲ ಎಂದರೆ ಹೊರಚರ್ಮಕ್ಕೆ ಅಂಟು, ಕೆಳಗಿನ ಪದರಗಳಿಗೆ ಕರಗುವ ದಾರದ ಹೊಲಿಗೆ ಇದ್ದೇ ಇರುತ್ತದೆ. ನೋವಿಲ್ಲ ಎಂದರೆ ತೊಡೆಯ ನರಕ್ಕೆ ಕೊಟ್ಟ ಬ್ಲಾಕ್ (ಮರಗಟ್ಟಿಸುವ ಇಂಜೆಕ್ಷನ್) ಮತ್ತು ಮಂಡಿ ಸುತ್ತ ಚುಚ್ಚಿದ ಔಷಧಿ ಒಂದೆರಡು ದಿನ ಕೆಲಸ ಮಾಡುತ್ತದೆ. ಅದು ಇಳಿದ ಎರಡನೇ ಮೂರನೇ ದಿನವೇ ಹೆಚ್ಚು ನೋವು, ಮನೆಯವರಿಗೆ ಇದನ್ನು ಮೊದಲೇ ಹೇಳುವ ಆಸ್ಪತ್ರೆ ಒಳ್ಳೆಯದು. ನಾಲ್ಕು ಗಂಟೆಯ ನಡಿಗೆ ನಿಜ, ಆದರೆ ಅದರ ಶ್ರೇಯಸ್ಸು ಅರಿವಳಿಕೆ ವೈದ್ಯರಿಗೂ ಫಿಸಿಯೋಗೂ ಸೇರಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಬೇಗ ಎದ್ದು ನಿಲ್ಲುವುದು ಬೇಕೇ ಬೇಕು.

ಸೋಂಕಿನ ಪ್ರಶ್ನೆ

'ನಿಮ್ಮಲ್ಲಿ ಸೋಂಕು ಎಷ್ಟು?' ಎಂದಾಗ 'ಸೊನ್ನೆ' ಅಂದವರು ಎಣಿಸಿಲ್ಲ. ನೂರಕ್ಕೆ ಒಂದರ ಆಸುಪಾಸು ಎಂದವರು ಎಣಿಸಿದ್ದಾರೆ. ಕೇಳಬೇಕಾದ್ದು ಇನ್ನೂ ಇದೆ. ಅದೇ ಓಟಿಯಲ್ಲಿ ಕೀವಿನ ಕೇಸು, ಹೊಟ್ಟೆಯ ಕೇಸು ಮಾಡುತ್ತೀರಾ? ಹಿಂದಿನ ರಾತ್ರಿ ಬ್ಲೇಡಿನಲ್ಲಿ ಕೂದಲು ಬೋಳಿಸುತ್ತೀರಾ? ಬ್ಲೇಡು ಚರ್ಮ ಗೀರಿ ರೋಗಾಣುವಿಗೆ ಬಾಗಿಲು ತೆರೆಯುತ್ತದೆ, ಕ್ಲಿಪ್ಪರ್ ಸಾಕು. ಆಂಟಿಬಯೋಟಿಕ್ ಗಾಯ ಮಾಡುವ ಮೊದಲಿನ ಒಂದು ಗಂಟೆಯೊಳಗೆ, ತೊಡೆಗೆ ಟೂರ್ನಿಕೆ, ಅಂದರೆ ರಕ್ತ ತಡೆಯುವ ಪಟ್ಟಿ, ಬಿಗಿಯುವ ಮುನ್ನ ಹೋಗಬೇಕು. ಬಿಗಿದ ಮೇಲೆ ಕೊಟ್ಟರೆ ಔಷಧಿ ಮಂಡಿಗೆ ತಲುಪುವುದೇ ಇಲ್ಲ. ಹಾಗೆಯೇ ರಕ್ತಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ ಬಳಸುತ್ತಾರೆಯೇ ಎಂದೂ ಕೇಳಬಹುದು, ಬಳಸುವ ಕಡೆ ರಕ್ತ ಏರಿಸುವುದು ಕಡಿಮೆ.

ದುಡ್ಡಿನ ಮಾತು

ಮಂಡಿ ಇಂಪ್ಲಾಂಟಿನ ಬೆಲೆಗೆ 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಿತಿ ಹಾಕಿತು. ಆಗ ಮಾಮೂಲಿ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ 54,720 ರೂ., ಹೈಫ್ಲೆಕ್ಸ್‌ಗೆ 56,490, ಟೈಟಾನಿಯಂ ಮತ್ತು ಆಕ್ಸಿಡೈಸ್ಡ್ ಜಿರ್ಕೋನಿಯಂಗೆ 76,600, ರಿವಿಷನ್‌ಗೆ 1,13,950, ಮೇಲೆ ಜಿಎಸ್‌ಟಿ. ಆಮೇಲೆ ದರ ಪರಿಷ್ಕರಣೆಯಾಗುತ್ತಾ ಬಂದಿದೆ. ಮಿತಿ ಇರುವುದು ಇಂಪ್ಲಾಂಟಿಗೆ ಮಾತ್ರ; ಓಟಿ ಬಾಡಿಗೆ, ಸರ್ಜನ್ ಫೀಸು, ಬಿಸಾಡುವ ಸಾಮಾನು, ರೋಬೋಟ್ ಚಾರ್ಜಿಗೆ ಇಲ್ಲ. ಒಂದು ಕಡೆ ಒತ್ತಿದ ಬಲೂನು ಇನ್ನೊಂದು ಕಡೆ ಉಬ್ಬಿದೆ. ಬಿಲ್ಲಿನಲ್ಲಿ ಇಂಪ್ಲಾಂಟಿನ ಬೆಲೆ, ಬ್ರಾಂಡ್, ಬ್ಯಾಚ್ ಪ್ರತ್ಯೇಕವಾಗಿ ಬರೆದಿರಬೇಕು. ಪ್ಯಾಕೇಜಿನಲ್ಲಿ ಏನೇನು ಸೇರಿಲ್ಲ ಎಂದು ಬರಹದಲ್ಲಿ ಕೇಳಿ: ರಕ್ತ, ಐಸಿಯು ದಿನ, ಹೆಚ್ಚುವರಿ ದಿನ, ಸ್ಟೆಮ್ ಬೇಕಾದರೆ ಅದರ ಹಣ, ವಾಕರ್, ಮನೆಗೆ ಬರುವ ಫಿಸಿಯೋ.

ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಸವೆತದ ಕೀಲು ಬದಲಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷ ಕಾಯುವ ಷರತ್ತಿರುತ್ತದೆ. ರೂಮ್ ಬಾಡಿಗೆ ಮಿತಿ ಮೀರಿದ ರೂಮ್ ಹಿಡಿದರೆ ಇಡೀ ಬಿಲ್ಲೇ ಅದೇ ಅನುಪಾತದಲ್ಲಿ ಕಡಿತವಾಗಬಹುದು. ರೋಬೋಟಿಗೆ ಪ್ರತ್ಯೇಕ ಮಿತಿ ಇರುವ ಪಾಲಿಸಿಗಳಿವೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ವಿಚಾರಿಸಿ. ಬೆಂಗಳೂರಿನ ಜಯನಗರದಲ್ಲಿರುವ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆ ಮೂಳೆಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ಸಾಲು ಉದ್ದ, ರೂಮು ಸಾದಾ. ಆದರೂ ಫ್ಲೆಕ್ಸಿಗೆ ಮರುಳಾಗಿ ಸಾಲ ಮಾಡುವ ಮುನ್ನ ಅಲ್ಲಿಗೊಮ್ಮೆ ಹೋಗಿ ಬರುವುದು ಲೇಸು.

ಮನೆಗೆ ಬಂದ ಮೇಲೆ

ಎಲ್ಲ ಮನೆಗಳಲ್ಲೂ ಆಗುವ ತಪ್ಪು: ಹಾಯಾಗಿರಲೆಂದು ಮಂಡಿಯ ಕೆಳಗೆ ದಿಂಬು ಇಡುವುದು. ಎರಡು ವಾರದಲ್ಲಿ ಮಂಡಿ ಬಾಗಿಯೇ ಗಟ್ಟಿಯಾಗುತ್ತದೆ, ಆಮೇಲೆ ನೇರ ಮಾಡಲು ಹರಸಾಹಸ. ದಿಂಬು ಇಡಬೇಕಾದ್ದು ಹಿಮ್ಮಡಿಯ ಕೆಳಗೆ. ಮಡಚುವಿಕೆ ಎರಡು ವಾರಕ್ಕೆ 90 ಡಿಗ್ರಿ ಬರಬೇಕು. ಆರು ವಾರವಾದರೂ ಅಷ್ಟು ಬರದಿದ್ದರೆ ಅರಿವಳಿಕೆ ಕೊಟ್ಟು ಮಡಚಿಸುವ ಉಪಾಯವಿದೆ, ಮೂರು ತಿಂಗಳು ದಾಟಿದರೆ ಅದರ ಫಲ ಕಡಿಮೆ. ಗಾಯದ ಹೊರಪಕ್ಕದಲ್ಲಿ ಅಂಗೈಯಗಲ ಜೋಮು, ಆರು ತಿಂಗಳವರೆಗೆ ಮಂಡಿ ಬಿಸಿ, ನಡೆದಾಗ ಟಕ್ ಟಕ್ ಸದ್ದು, ಇವಕ್ಕೆ ಹೆದರಬೇಕಿಲ್ಲ. ಕಮೋಡ್ ಮಾತ್ರ ಆಪರೇಷನ್‌ಗೆ ಮೊದಲೇ ಕೂರಿಸಿರಬೇಕು.

ಹೆದರಬೇಕಾದ್ದು ಗಾಯದಿಂದ ಐದಾರು ದಿನ ಕಳೆದರೂ ನೀರು ಒಸರುತ್ತಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದಂತಾದರೆ, ಪಾದ ಮೇಲೆತ್ತಲಾಗದಿದ್ದರೆ. ಒಸರುವ ಗಾಯಕ್ಕೆ ಹತ್ತಿರದ ಕ್ಲಿನಿಕ್ಕಿನಲ್ಲಿ ಆಂಟಿಬಯೋಟಿಕ್ ಮಾತ್ರೆ ಬರೆಸಿಕೊಂಡು ಹತ್ತು ದಿನ ಕಾದವರೇ ಕೊನೆಗೆ ಇಂಪ್ಲಾಂಟ್ ಕಳೆದುಕೊಳ್ಳುವುದು. ಮಾತ್ರೆಗೆ ಹೊರಗಿನ ಒಸರು ನಿಲ್ಲುತ್ತದೆ, ಒಳಗಿನ ಲೋಹದ ಮೇಲೆ ರೋಗಾಣು ಪದರ ಕಟ್ಟುತ್ತದೆ. ಮೊದಲ ಮೂರು ನಾಲ್ಕು ವಾರದೊಳಗೆ ಸಿಕ್ಕಿಬಿದ್ದರೆ ಮಂಡಿ ತೆರೆದು ತೊಳೆದು, ಬಿಲ್ಲೆ ಬದಲಿಸಿ, ಇಂಪ್ಲಾಂಟ್ ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ಆಮೇಲಾದರೆ ಎಲ್ಲ ಕಿತ್ತು, ಔಷಧಿ ಬೆರೆಸಿದ ಸಿಮೆಂಟ್ ತುಂಬಿ, ವಾರಗಟ್ಟಲೆ ಕಾದು ಇನ್ನೊಂದು ಆಪರೇಷನ್. ಆದ್ದರಿಂದ ಆಸ್ಪತ್ರೆಯವರು ಕೊಡುವ 'ಯಾವಾಗ ಬೇಕಾದರೂ ಕರೆ ಮಾಡಿ' ಎಂಬ ನಂಬರಿಗೆ ಅಡ್ಮಿಟ್ ಆಗುವ ಮುನ್ನವೇ ಒಂದು ಭಾನುವಾರ ರಾತ್ರಿ ಹತ್ತಕ್ಕೆ ಫೋನ್ ಮಾಡಿ. ಎತ್ತಿದವರು ಸರ್ಜನ್ ತಂಡದ ವೈದ್ಯರೋ, ಮಾರ್ಕೆಟಿಂಗ್ ವಿಭಾಗದವರೋ ನೋಡಿ.